ಮೀನಿನ ಪೆಟ್ಟಿಗೆಯಲ್ಲಿ ದೊಡ್ಡಪತ್ರೆ

ಇಪ್ಪತ್ತಾರು ವರ್ಷ ಬೈತಖೋಲದ ದಕ್ಕೆಯಲ್ಲಿ
ಹರಾಜು ಕೂಗಿದ ಗಂಟಲು ಇದು.
ಬಂಗುಡೆ ಬುಟ್ಟಿಗೆ ಮುನ್ನೂರು, ಮುನ್ನೂರಾ ಹತ್ತು, ಯಾರು ಮುಂದೆ,
ಡೀಸೆಲ್ ಇಂಜಿನ್ನಿನ ಮೇಲೆ, ಹದ್ದುಗಳ ಮೇಲೆ,
ಐಸು ಪುಡಿ ಮಾಡುವ ಯಂತ್ರದ ಮೇಲೆ
ಏರಿ ನಿಂತ ಗಂಟಲು.
ಡಾಕ್ಟರು ಒಳಗೆ ಕನ್ನಡಿ ಇಳಿಸಿ ನೋಡಿ
ಎರಡು ಗಂಟು ತೆಗೆದರು. ಮೂರು ತಿಂಗಳು ಮಾತು ಬೇಡ,
ಪಿಸುಮಾತೂ ಬೇಡ. ಪಿಸುಮಾತು ಇನ್ನೂ ಕೆಟ್ಟದ್ದಂತೆ.

ಹೀಗಾಗಿ ಬರೆಯುತ್ತಿದ್ದೇನೆ, ಹಳೇ ಹರಾಜು ಚೀಟಿಗಳಲ್ಲಿ.
ಮುಖದ ಕಡೆ ಇಸ್ವಾಣ ಹದಿನೆಂಟು ಕಿಲೋ,
ಬೆನ್ನ ಕಡೆ ನಾನು.

ದೊಡ್ಡಪತ್ರೆಯ ಕಡ್ಡಿ ತಂದವಳು ಅತ್ತಿಗೆ ಶೇವಂತಿ,
ಸದಾಶಿವಗಡದಿಂದ ಹೊಳೆ ದಾಟಿ, ಒದ್ದೆ ಕರವಸ್ತ್ರದಲ್ಲಿ ಸುತ್ತಿ.
ಬಸ್ಸಿಡೀ ಓಮದ ವಾಸನೆ ಹಬ್ಬಿ
ಕಂಡಕ್ಟರು ಕೇಳಿ ಎರಡು ಎಲೆ ಇಸ್ಕೊಂಡನಂತೆ.
"ಕೆಂಡದ ಮೇಲೆ ಬಾಡಿಸು, ಹಿಂಡು, ಜೇನು ಹಾಕಿ ನೆಕ್ಕು.
ದನಿ ಬರದಿದ್ದರೂ ಬಾಯಿಗೆ ರುಚಿ ಬಂದೀತು."
ಶೇವಂತಿ ಸುಳ್ಳು ಹೇಳುವವಳಲ್ಲ.

ಮಣ್ಣೆಲ್ಲಿದೆ ಈ ಓಣಿಯಲ್ಲಿ? ಇರುವುದೆಲ್ಲ ಮರಳು,
ಮರಳಲ್ಲೆಲ್ಲ ಉಪ್ಪು.
ಕದ್ರಾ ಕಡೆಯ ಲಾರಿಯವನಿಂದ ಅರ್ಧ ಚೀಲ ಮಣ್ಣು ಬಂತು.
ಮರಳನ್ನು ಏಳು ನೀರಲ್ಲಿ ತೊಳೆದೆ, ಅಕ್ಕಿ ತೊಳೆದಂತೆ,
ನಾಲಿಗೆಗೆ ಹಚ್ಚಿ ನೋಡಿ ಸಪ್ಪೆ ಎನಿಸುವ ತನಕ.
ಮುರಿದ ಥರ್ಮಾಕೋಲ್ ಪೆಟ್ಟಿಗೆ, ತಳಕ್ಕೆ
ಕಾಯಿಸಿದ ಮೊಳೆಯಿಂದ ಒಂಬತ್ತು ತೂತು.
ಮೊದಲ ಸಲ ಜಾಣತನ ಮಾಡಿದೆ:
ಬುಡಕ್ಕೆ ಬಂಗುಡೆ ತಲೆ ಹೂತೆ, ಗೊಬ್ಬರ ಅಂತ.
ಬೆಳಗಾಗುವಷ್ಟರಲ್ಲಿ ಓಣಿಯ ಬೆಕ್ಕುಗಳೆಲ್ಲ ಸೇರಿ
ಹರಾಜು ಮುಗಿಸಿದ್ದವು.
ಉಳಿದದ್ದು ಒಂದೇ ಗೆಣ್ಣು, ಕಿರುಬೆರಳಷ್ಟು.

ಅದನ್ನೇ ನೆಟ್ಟೆ. ನೀರು ಹಾಕದೆ ಇರುವುದನ್ನು ಕಲಿತೆ.
ನೀರೆರೆಯಲು ಯಾರಿಗೂ ಬರುತ್ತದೆ;
ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ
ತಂಪಿದ್ದರೆ ತುಂಬಿದ ಚೆಂಬು ಹಿಡಿದು ವಾಪಸು ಬರುವುದಿದೆಯಲ್ಲ,
ಬಾಯಿಗೆ ಬಂದದ್ದನ್ನು ನುಂಗಿದ ಹಾಗೆ.

ಮಧ್ಯಾಹ್ನದ ಕಡಲಗಾಳಿ ಎಲೆಯ ರೋಮಗಳಲ್ಲಿ
ಉಪ್ಪು ಕೂರಿಸಿ ಹೋಗುತ್ತದೆ, ಅಂಚು ಕಂದುತ್ತದೆ.
ಸಂಜೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತೇನೆ,
ಮಗುವಿನ ಕಿವಿ ಒರೆಸಿದಂತೆ. ಅಷ್ಟೇ ದಪ್ಪ, ಅಷ್ಟೇ ಮೆತ್ತಗೆ.
ರಾತ್ರಿಯೆಲ್ಲ ಅಂಗೈ ಘಮ್ಮೆನ್ನುತ್ತದೆ.
ಮೀನು ಹಿಡಿದ ಈ ಕೈಗೆ
ಇನ್ನೊಂದು ವಾಸನೆಯೂ ಹತ್ತುತ್ತದೆ ಎಂದು
ಐವತ್ತೊಂದರಲ್ಲಿ ತಿಳಿಯಿತು. ಕುಮುದಾ ಮೂಸಿ ನೋಡಿ
ಏನೂ ಅನ್ನಲಿಲ್ಲ,
ಕೈ ಬಿಡಲೂ ಇಲ್ಲ.

ತುದಿ ಚಿವುಟಬೇಕು ಅಂತ ಶೇವಂತಿ ಹೇಳಿ ಕಳಿಸಿದಳು.
ಇರುವುದೇ ಒಂದು ಕುಡಿ, ಮನಸ್ಸು ಬರಲಿಲ್ಲ.
ನಾಲ್ಕು ದಿನ ಉಗುರು ಕತ್ತರಿಸಿ ನೆಪ ಹೇಳಿಕೊಂಡೆ.
ಐದನೇ ದಿನ ಕಣ್ಣು ಮುಚ್ಚಿ ಚಿವುಟಿದೆ.
ಈಗ ಪೆಟ್ಟಿಗೆಯೇ ಕಾಣುವುದಿಲ್ಲ.

ಹಿಂದಿನ ಮನೆಯ ಎಡ್ವಿನಾ ಬಂದಳು, ಮಗುವಿಗೆ ಕೆಮ್ಮು.
"ಎಷ್ಟು?" ಅಂದಳು.
ಕೈ ತಾನಾಗಿ ಎದ್ದಿತು, ಹಳೇ ಚಾಳಿ, ಮೂರು ಬೆರಳು.
ಮೂವತ್ತೋ ಮುನ್ನೂರೋ ಎಂದು ಅವಳು ಪರ್ಸಿನ ಜಿಪ್ಪು ಎಳೆದಳು.
ಮೂರು ಎಲೆ ಕಿತ್ತು ಕೊಟ್ಟೆ.
ಇಪ್ಪತ್ತಾರು ವರ್ಷದಲ್ಲಿ ಇಷ್ಟು ಬೇಗ ಮುಗಿದ ವ್ಯಾಪಾರ
ನಾನು ಕಂಡಿಲ್ಲ.

ದಕ್ಕೆಯಲ್ಲಿ ಈಗ ಕೂಗುವುದು ತಾಂಡೇಲರ ಹುಡುಗ ಯಶೋಧರ.
ಗಾಳಿ ಈ ಕಡೆ ತಿರುಗಿದರೆ ಕೇಳುತ್ತದೆ.
ನೂರಾ ಎಂಬತ್ತಕ್ಕೇ ಬಿಡುತ್ತಿದ್ದಾನೆ, ಅವಸರ.
ಇನ್ನೆರಡು ಉಸಿರು ಕಾದಿದ್ದರೆ ಇನ್ನೂರಾಗುತ್ತಿತ್ತು.
ಚೀಟಿಯಲ್ಲಿ ಬರೆದು ಕಳಿಸಲೇ?
ಬೇಡ.

ನಿನ್ನೆ, ಎಪ್ಪತ್ತೊಂಬತ್ತನೇ ದಿನ,
ಹರಿದ ಕಿವಿಯ ಬೆಕ್ಕು ಪೆಟ್ಟಿಗೆಯ ಅಂಚಿಗೆ
ಮುಂಗಾಲಿಟ್ಟಿತು.
ಏಯ್! ಎಂದಿತು ಯಾವುದೋ ದನಿ,
ತಗಡಿಗೆ ತಗಡು ಉಜ್ಜಿದಂತೆ.
ಕುಮುದಾ ಒಳಗಿಂದ ಕೇಳಿದಳು, ಯಾರು ಬಂದದ್ದು?

ಬೆಕ್ಕು ನನ್ನನ್ನು ನೋಡಿತು. ನಾನು ಬೆಕ್ಕನ್ನು.
ಉತ್ತರ ಹೇಳಲು ಇನ್ನೂ ಹನ್ನೊಂದು ದಿನ ಬಾಕಿ.
ಒಂದು ಎಲೆ ಹರಿದು ಬಾಯಿಗಿಟ್ಟುಕೊಂಡೆ.
ಖಾರ. ಕಣ್ಣಲ್ಲಿ ನೀರು.